ಪಟಕ ಕೊಂಡವರ ಪಟ್ಟಿ

ಅಂಗಡಿಯ ಗಾದಿಯ ಮೇಲೆ ಕೂತವನಿಗೆ ನಗುವಿಗೆ ಬರಗಾಲ ಅನ್ನೋದಿಲ್ಲ. ಒಬ್ಬ ಗಿರಾಕಿ ಹೋಗುವಷ್ಟರಲ್ಲಿ ಇನ್ನೊಬ್ಬ ಮೆಟ್ಟಿಲು ಹತ್ತಿರುತ್ತಾನೆ. ಚಿಕ್ಕೋಡಿ ಬಜಾರಿನಲ್ಲಿ ನಾನು ಶೇಂಗಾ ಹಿಂಡಿ, ಹತ್ತಿಕಾಳು, ಹಗ್ಗ, ಮೂಗುದಾಣ, ಜೊತೆಗಿಷ್ಟು ಕಿರಾಣಿ ಸಾಮಾನು ಮಾರಿದವನು. ಯಾರ ಮನೆಗೆ ಬೀಗರು ಬಂದಾರೆ ಅನ್ನೋದು ಸಕ್ಕರೆಯಿಂದ ತಿಳಿಯುತ್ತಿತ್ತು. ಯಾರ ಮನೆಯಲ್ಲಿ ಅತ್ತೆ-ಸೊಸೆ ಬೇರೆ ಒಲೆ ಹೂಡಿದರು ಅನ್ನೋದು ಅದೇ ಮನೆಗೆ ಹೋದ ಎರಡನೇ ಉಪ್ಪಿನ ಪೊಟ್ಟಣದಿಂದ ತಿಳಿಯುತ್ತಿತ್ತು.

ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ದೇಶದ ಆ ತುದಿಯಿಂದ ದನಗಳ ಕಾಲುಬಾಯಿ ಬೇನೆ ಇಳಿಯುತ್ತ ಬಂತು. ಮೊದಲು ಗುಜರಾತಿನ ಹಿಂಡಿ ಮಿಲ್ಲಿನವರ ಪತ್ರದ ಕೊನೆಗೆ ಒಂದು ಸಾಲು: 'ಇಲ್ಲಿ ದನಕ್ಕೆ ಬೇನೆ, ಮಾಲು ಹೋಗುತ್ತಿಲ್ಲ.' ಹದಿನೈದು ದಿನಕ್ಕೆ ಅದೇ ಸಾಲು ಸೋಲಾಪುರದ ಕಾರ್ಡಿನಲ್ಲಿ, ಆಮೇಲೆ ಸಾಂಗ್ಲಿಯದರಲ್ಲಿ. ಬಾಯಲ್ಲಿ ಹುಣ್ಣು, ಗೊರಸಿನಲ್ಲಿ ಬಿರುಕು, ಮೊಳ ಉದ್ದ ಜೊಲ್ಲು. ದೊಡ್ಡ ದನ ಬದುಕಿದರೂ ಹಾಲು ಹೋಗುತ್ತದೆ, ಎತ್ತು ಕುಂಟುತ್ತದೆ, ಕರು ಉಳಿಯುವುದಿಲ್ಲ. ಕೃಷ್ಣೆಯ ದಂಡೆಯ ಜುಗೂಳ, ಯಡೂರಿನ ಕಡೆ ಮನೆಗಿಂತ ದನ ಕಟ್ಟುವ ಗೊಂತು ದೊಡ್ಡದು. ಅಲ್ಲಿಗೆ ಅದು ಹೊಕ್ಕರೆ ಒಲೆಗಳೇ ಆರುತ್ತಿದ್ದವು.

ಹೊಗಲಿಲ್ಲ. ಅದರ ಹೆಜ್ಜೆ ಹಿಡಿದವನು ನಾನು. ಹೆಮ್ಮೆಯಿಂದಲೇ ಹೇಳುತ್ತೇನೆ; ನನ್ನ ಹೆಮ್ಮೆಗೆ ನಡುವೆ ಎಲ್ಲೆಲ್ಲಿ ತೂತು ಬಿತ್ತು ಅನ್ನೋದನ್ನೂ ಮುಚ್ಚಿಡುವುದಿಲ್ಲ.

ಗಡ್ಡಕ್ಕೆ ಎರಡು ಕಿಲೋ

ಬೇನೆ ಬಂದ ದನದ ಬಾಯಿ ತೊಳೆಯಲು ನಮ್ಮ ಕಡೆ ಪಟಕದ, ಅಂದರೆ ಸ್ಫಟಿಕದ ಹರಳಿನ ನೀರು ಬಳಸುತ್ತಾರೆ. ಆದರೆ ಬೇನೆ ಐತಿ ಅಂತ ಹೇಳಿದರೆ ಹಾಲು ಯಾರೂ ಕೊಳ್ಳುವುದಿಲ್ಲ, ಸಂತೆಯಲ್ಲಿ ದನ ಮುಟ್ಟುವುದಿಲ್ಲ. ಹೀಗಾಗಿ ಎಲ್ಲರೂ ಬಾಯಿ ಮುಚ್ಚಿಕೊಂಡೇ ಪಟಕ ಕೊಳ್ಳುತ್ತಿದ್ದರು.

ರಾಯಬಾಗದ ಕಡೆಯ ಒಬ್ಬ ರೈತ ಬಂದ. ಅತ್ತ ಇತ್ತ ನೋಡಿ, "ಎರಡು ಕಿಲೋ ಪಟಕ ಕೊಡ್ರಿ" ಅಂದ.

"ಯಾಕೋ ಮಾರಾಯಾ, ಅಷ್ಟು?"

"ಗಡ್ಡಕ್ಕರಿ. ಗಡ್ಡ ಕೆರಕೊಂಡ ಮ್ಯಾಲ ತಿಕ್ಕಾಕ."

ನಾನು ಅವನ ಮುಖ ನೋಡಿದೆ. ಎಂಟು ದಿನದ ಗಡ್ಡ.

"ಕೆರಕೊಂಡಿಲ್ಲಲ್ಲೋ?"

"ಪಟಕ ಇರಲಿಲ್ಲರಿ, ಅದಕ್ಕ."

ಪಕ್ಕದಲ್ಲಿ ಚೀಲ ಹೊಲಿಯುತ್ತಿದ್ದ ನನ್ನ ಹಮಾಲ ತಲೆ ಎತ್ತದೆ ಕೇಳಿದ: "ಅಣ್ಣಾ, ಆ ಗಡ್ಡ ಈಗ ಎಷ್ಟು ಲೀಟರ್ ಹಿಂಡತೈತಿ?"

ಆ ದಿನದಿಂದ ನಾನೊಂದು ಪಟ್ಟಿ ಇಟ್ಟೆ. ಅರ್ಧ ಕಿಲೋ ಮೀರಿ ಪಟಕ ಕೊಂಡವನ ಊರು, ವಾರ. ಅಷ್ಟೇ.

ತೇಜಿ, ಮಂದಿ, ಸ್ಥಿರ

ದನದ ದವಾಖಾನೆಗೆ ಆ ವರ್ಷವೇ ಮೈಸೂರು ಕಡೆಯ ಹುಡುಗ ಡಾಕ್ಟರಾಗಿ ಬಂದಿದ್ದ. ಗೋಡೆಗೆ ದೊಡ್ಡ ನಕಾಶೆ ತೂಗುಹಾಕಿ, ಬೇನೆಯ ಊರಿಗೆಲ್ಲ ಕೆಂಪು ಗುಂಡುಪಿನ್ನು ಚುಚ್ಚಬೇಕು ಅಂತ ಕೂತಿದ್ದ. ಪಿನ್ನಿನ ಡಬ್ಬಿ ತುಂಬಿಯೇ ಇತ್ತು. ಯಾವ ಊರಿಗೆ ಹೋದರೂ ಜನ ಚಹಾ ಕುಡಿಸಿ, "ನಮ್ಮಲ್ಲಿ ಏನೂ ಇಲ್ಲರಿ" ಅಂತ ಕಳಿಸುತ್ತಿದ್ದರು.

"ಯಜಮಾನ್ರೇ, ಒಂದೇ ಪೆಟ್ಟಿಗೆ ಲಸಿಕೆ ಬಂದಿದೆ" ಅಂತ ನನ್ನೆದುರು ಕೂತು ಹಣೆ ಒರೆಸಿಕೊಂಡ. "ಬೇನೆ ಯಾವ ದಾರೀಲಿ ಬರ್ತಿದೆ ಅಂತ ಗೊತ್ತಾದ್ರೆ ಅದರ ಮುಂದಿನ ಊರಿಗೆ ಹಾಕಬಹುದು. ತಪ್ಪು ಊರಿಗೆ ಹಾಕಿದ್ರೆ ನದಿ ದಂಡೆ ಕಥೆ ಮುಗೀತು."

ನಾನು ಪಟ್ಟಿ ಮುಂದಿಟ್ಟೆ. ಅಷ್ಟಕ್ಕೇ ಬಿಡಲಿಲ್ಲ. ದಿನಾ ಬೆಳಿಗ್ಗೆ ಧಾರಣೆ ಕೇಳಲು ಅಥಣಿ, ತಂಬಾಕಿನ ಪೇಟೆ ನಿಪ್ಪಾಣಿಯ ವ್ಯಾಪಾರಿಗಳಿಗೆ ಫೋನ್ ಮಾಡುತ್ತಿದ್ದೆನಲ್ಲ, ಕೊನೆಗೆ ಪಟಕದ ಮಾತನ್ನೂ ಸೇರಿಸಿದೆ. ಅವರು ತಮಗೆ ಬರುವ ಪೇಟೆಯ ಭಾಷೆಯಲ್ಲೇ ಹೇಳುತ್ತಿದ್ದರು: ಏರಿದರೆ ತೇಜಿ, ಇಳಿದರೆ ಮಂದಿ. ಡಾಕ್ಟರು ಪಕ್ಕದಲ್ಲಿ ಕೂತು ಬರೆದುಕೊಂಡು, ಇದ್ದದ್ದು ಇದ್ದಹಾಗೇ ಮೇಲಿನ ಕಚೇರಿಗೆ ಕಳಿಸಿಬಿಟ್ಟ: 'ಅಥಣಿ ತೇಜಿ. ರಾಯಬಾಗ ಸ್ಥಿರ. ನಿಪ್ಪಾಣಿ ಮಂದಿ, ಸೋಮವಾರ ಏರುವ ಲಕ್ಷಣ.'

ನಾಲ್ಕು ದಿನಕ್ಕೆ ಮೇಲಿನಿಂದ ಓಲೆ ಬಂತು: 'ತಮ್ಮನ್ನು ಕೇಳಿದ್ದು ಬೇನೆಯ ವಿವರ, ತಂಬಾಕಿನದಲ್ಲ.'

ಆದರೆ ಸೋಮವಾರ ನಿಪ್ಪಾಣಿಯಲ್ಲಿ ಏರಿತು. ನನ್ನ ಅಂದಾಜು ತಪ್ಪುವುದು ಕಡಿಮೆ.

ಕಾಗವಾಡದ ನಾಕಾ

ಗಡಿ ದಾಟಿ ಬರುವ ದನಗಳ ಗೊರಸು ತೊಳೆಯಲಿ ಅಂತ ಕಾಗವಾಡದಲ್ಲಿ ನಾಕಾ, ಅಂದರೆ ತಪಾಸಣೆ ಕಟ್ಟೆ ಹಾಕಿ, ರಸ್ತೆಗೆ ಅಡ್ಡ ಒಂದು ತಗ್ಗು ತೋಡಿ, ಬಟ್ಟೆ ಒಗೆಯುವ ಸೋಡಾ ಕಲಸಿದ ನೀರು ತುಂಬಿಸಿದರು. ಸೋಡಾ ನಮ್ಮ ಅಂಗಡಿಯದು. ಕಾವಲಿಗೆ ಒಬ್ಬ ಜವಾನ. 'ಕಾಲಿದ್ದವರು ಯಾರೂ ತಗ್ಗು ತಪ್ಪಿಸಿ ಹೋಗಕೂಡದು' ಅಂತ ಅವನಿಗೆ ಹುಕುಂ. ಅವನು ಹುಕುಮಿನ ಮನುಷ್ಯ.

ಮಿರಜ ಕಡೆಯಿಂದ ಚಕ್ಕಡಿಗಳಲ್ಲಿ ಮದುವೆ ದಿಬ್ಬಣ ಬಂತು. ಎದುರುಗೊಳ್ಳಲು ಹೆಣ್ಣಿನ ಕಡೆಯವರೂ ನಾಕಾದಲ್ಲೇ ನಿಂತಿದ್ದರು. ಜವಾನ ಎತ್ತು ಇಳಿಸಿದ, ಬೀಗರನ್ನು ಇಳಿಸಿದ, ಕೊನೆಗೆ ಬಾಸಿಂಗ ಕಟ್ಟಿಕೊಂಡ ಮದುಮಗನನ್ನೂ ಚಪ್ಪಲಿ ಬಿಚ್ಚಿಸಿ ಇಳಿಸಿದ. "ಅರೇ, ಮೀ ನವರಾ ಆಹೇ!" ಅಂತ ಮದುಮಗ ಕೂಗಿದ, ಮದುಮಗ ನಾನು ಅಂತ ಮರಾಠಿಯಲ್ಲಿ. "ನವರಾ ಇರು, ನವಾಬ ಇರು, ಕಾಲ ಎರಡ ಅದಾವಲ್ಲ? ಇಳಿ" ಅಂದ ಜವಾನ. ನೀರು ಸಾಲದ್ದಕ್ಕೆ ತಂಬಿಗೆಯಿಂದ ತಾನೇ ಸುರಿದು ಪಾದ ತಿಕ್ಕಿದ.

ಹೆಣ್ಣಿನ ತಂದೆಗೆ ಸಿಟ್ಟು ಬಂತು. "ಏನೋ ತಮ್ಮಾ, ಅಳಿಯನ ಪಾದ ತೊಳಿಯೂದು ನನ್ನ ಹಕ್ಕು. ಮಂಟಪದಾಗ ನಾ ತೊಳಿಬೇಕು!"

"ಸರಕಾರದ ಹುಕುಂ ಐತ್ರಿ."

ಮುದುಕ ಒಂದು ಗಳಿಗೆ ಯೋಚಿಸಿದ. ಮುಖ ಅರಳಿತು. ಬೀಗನ ಕಡೆ ತಿರುಗಿ ಅಂದ: "ಕೇಳಿದ್ರಲ್ಲ ಬೀಗರ? ಪಾದ ತೊಳದದ್ದು ಸರಕಾರ. ವರೋಪಚಾರಾನೂ ಅಲ್ಲೇ ಕೇಳ್ರಿ."

ಎಮ್ಮೆಯಿಲ್ಲದ ಡಾಕ್ಟರು

ಪಟ್ಟಿಯ ಊರುಗಳಿಗೆ ಪಿನ್ನು ಚುಚ್ಚಿದ ಮೇಲೆ ಬೇನೆ ನದಿಯ ಕಡೆ ಮುಖ ಮಾಡಿದ್ದು ಕಂಡಿತು. ಲಸಿಕೆ ಜುಗೂಳಕ್ಕೇ ಅಂತ ನಿರ್ಧಾರವಾಯಿತು. ಡಾಕ್ಟರು ಐಸಿನ ಪೆಟ್ಟಿಗೆ ಹೊತ್ತು ಹೊರಟ. ಊರಿನ ಪರಿಚಯ ನನಗಿದ್ದುದರಿಂದ ನಾನೂ ಹೋದೆ.

ಅಲ್ಲಿ ಒಬ್ಬ ಮುದುಕಿ. ಏಳು ಎಮ್ಮೆ, ಅವಳ ಹೊಲ, ಮನೆ, ಬ್ಯಾಂಕು ಎಲ್ಲ ಅವೇ. ಅವಳು ಹೂಂ ಅಂದರೆ ಊರು ಹೂಂ ಅನ್ನುತ್ತದೆ. ಗೊಂತಿನ ಬಾಗಿಲಿಗೆ ಅಡ್ಡ ನಿಂತಳು.

"ಸೂಜಿ ಚುಚ್ಚಿದ್ರ ಹಾಲ ಬತ್ತತೈತಿ. ಮೊದಲ ನಿನ್ನ ಎಮ್ಮಿಗೆ ಚುಚ್ಚಿ ಬಾ ಹೋಗು."

"ಅಜ್ಜಿ, ನನ್ನ ಹತ್ರ ಎಮ್ಮೆ ಇಲ್ಲ" ಅಂದ ಡಾಕ್ಟರು.

"ಒಂದೂ?"

"ಒಂದೂ ಇಲ್ಲ."

ಮುದುಕಿ ಸೆರಗು ಬಾಯಿಗಿಟ್ಟುಕೊಂಡಳು. "ಎಮ್ಮಿ ಇಲ್ಲದಾಂವ ಎಮ್ಮಿ ಡಾಕ್ಟರ್ ಹೆಂಗಾದ್ಯೋ? ಲಗ್ನ ಆಗೇತೇನು? ಹೆಣ್ಣ ಕೊಟ್ಟವರು ಏನ ನೋಡಿ ಕೊಟ್ಟರು?"

ನಾನು ಪೆಟ್ಟಿಗೆಯ ಮುಚ್ಚಳ ಹಾಕಿ, ಡಾಕ್ಟರಿಗೆ ಅಂದೆ, ಅವಳಿಗೆ ಕೇಳುವಷ್ಟೇ ಗಟ್ಟಿಯಾಗಿ: "ಬರ್ರಿ ಸಾಹೇಬ್ರ. ಯಡೂರಿನವರು ಪೂರ್ತಿ ಪೆಟಗಿ ನಮಗ ಕೊಡ್ರಿ ಅಂತ ನಿನ್ನೆಯಿಂದ ಕುಂತಾರ."

ನಾಲ್ಕು ಹೆಜ್ಜೆ ಹೋಗಿರಲಿಕ್ಕಿಲ್ಲ. "ಏ ಸಾವ್ಕಾರ, ನಿಂದ್ರು! ಯಡೂರಿನ ಎಮ್ಮಿಗಿಂತ ನನ್ನವು ಏನ ಕಡಿಮಿ ಅದಾವು? ಚುಚ್ಚಾಕ ಹೇಳ ಅವನಿಗೆ, ಎರಡೆರಡ ಚುಚ್ಚು ಅನ್ನು!"

ಒಂದೊಂದೇ ಚುಚ್ಚಿದೆವು. ಅದು ಮೈಗೆ ಹತ್ತಿ ಕೆಲಸ ಮಾಡಲು ಹದಿನೈದು ದಿನ ಬೇಕು, ಅಲ್ಲಿಯವರೆಗೆ ಬೇನೆ ಊರು ಹೊಗದಂತೆ ನೋಡಿಕೊಳ್ಳಿ ಅಂತ ಡಾಕ್ಟರು ಹತ್ತು ಸಲ ಹೇಳಿದ.

ಕಳ್ಳ ಸಿಕ್ಕ

ಸಂತೆ ಬಂದ್ ಆಗಿತ್ತು. ನಾಕಾ ಕೂತಿತ್ತು. ದನ ಊರು ಬಿಟ್ಟು ಕದಲುತ್ತಿರಲಿಲ್ಲ. ಆದರೂ ಬೇನೆ ಊರಿಂದೂರಿಗೆ ಹಾರುತ್ತಲೇ ಇತ್ತು, ಅದೂ ನಡುವಿನ ಎರಡು ಊರು ಬಿಟ್ಟು ಮೂರನೆಯದಕ್ಕೆ. ಲಸಿಕೆ ಹಾಕಿ ಮೂರು ದಿನವಾಗಿತ್ತು. ಡಾಕ್ಟರು ನನ್ನ ಪಟ್ಟಿ ಹಿಡಿದು ಬೆಳಿಗ್ಗೆಯೇ ಬಂದ. ಕೂತ. ನೀರು ಕುಡಿದ. ಮತ್ತೊಮ್ಮೆ ಕುಡಿದ.

"ಯಜಮಾನ್ರೇ, ತಪ್ಪು ತಿಳೀಬೇಡಿ. ಬೇನೆ ಮುಟ್ಟದೇ ಹಾರಿ ಹೋದ ಊರಿನವರು ಹಿಂಡಿ ಎಲ್ಲಿಂದ ತರ್ತಾರೆ?"

"ಬ್ಯಾರೆ ಅಂಗಡಿಯಿಂದ."

"ಬೇನೆ ಬಂದ ಊರುಗಳು?"

ನಾನು ಲೆಕ್ಕದ ಪುಸ್ತಕ ತೆರೆದು ಪಟ್ಟಿಯ ಪಕ್ಕ ಇಟ್ಟೆ. ಎಲ್ಲವೂ ನನ್ನ ಗಿರಾಕಿ ಊರುಗಳು.

ಖಾಲಿ ಗೋಣಿಚೀಲ ರೈತರಿಂದ ವಾಪಸು ತಂದು, ಮತ್ತೆ ಹಿಂಡಿ ತುಂಬಿ ಇನ್ನೊಂದು ಊರಿಗೆ ಕಳಿಸುವುದು ನಮ್ಮ ರೂಢಿ. ಬೇನೆ ಬಿದ್ದ ದನದ ಜೊಲ್ಲು ಒರೆಸಲು, ಕೆಳಗೆ ಹಾಸಲು ರೈತ ಕೈಗೆ ತಗೊಳ್ಳುತ್ತಿದ್ದುದು ಅದೇ ಚೀಲ. ಆರು ವಾರದಿಂದ ನಾನು ದೇಶದ ಬೇನೆಯ ಜಾಡು ಹಿಡಿದು ಬೀಗುತ್ತಿದ್ದೆ. ಜಾಡು ತಿರುಗಿ ಬಂದು ನನ್ನ ಗಾದಿಯ ಮುಂದೆ ಚಪ್ಪಲಿ ಬಿಟ್ಟಿತ್ತು.

ಹಮಾಲ ಹಲ್ಲು ಕಿರಿದ. "ಸಾವ್ಕಾರ್ರ, ಇಷ್ಟು ವರ್ಷದಾಗ ನಮ್ಮ ಅಂಗಡಿ ಪುಕ್ಕಟೆ ಕೊಟ್ಟ ಮಾಲ ಇದೊಂದ ನೋಡ್ರಿ."

ನಾನು ಬೈಯಬೇಕು ಅನ್ನುವಷ್ಟರಲ್ಲಿ ಅವನೇ ನಗು ನಿಲ್ಲಿಸಿದ. "ಆದ್ರ... ಜುಗೂಳಕ್ಕ ನಿನ್ನೆ ನಲವತ್ತು ಚೀಲ ಹೋಗ್ಯಾವರಿ."

ತೂಕ

ಜೀಪಿನಲ್ಲಿ ಸೋಡಾದ ಡ್ರಮ್ಮು, ಹೊಸ ಚೀಲದ ಕಟ್ಟು, ನಾನು, ಡಾಕ್ಟರು. ಜುಗೂಳ ಮುಟ್ಟಿದಾಗ ಚೀಲಗಳು ಆಗಲೇ ಮನೆ ಸೇರಿದ್ದವು. ಪುಣ್ಯಕ್ಕೆ ಊರಿನಲ್ಲಿ ಹಳೇ ಹಿಂಡಿ ಇನ್ನೂ ಇತ್ತು. ಹೊಸದರ ಬಾಯಿ ಯಾರೂ ಬಿಚ್ಚಿರಲಿಲ್ಲ. ಸಂಜೆಯ ಮೇವಿಗೆ ಬಿಚ್ಚುತ್ತಿದ್ದರು.

ಕಟ್ಟೆ ಏರಿ ಇದ್ದದ್ದು ಇದ್ದಂತೆ ಹೇಳಿದೆ: "ಈ ಚೀಲದಾಗ ಬ್ಯಾನಿ ಇರಬಹುದು. ಗೊಂತಿಗೆ ಒಯ್ಯಬ್ಯಾಡ್ರಿ. ವಾಪಸ್ ಕೊಡ್ರಿ, ಹೊಸ ಚೀಲದಾಗ ಹೊಸ ಹಿಂಡಿ ಕಳಸ್ತೇನಿ."

ಹಿಂದಿನಿಂದ ಒಂದು ದನಿ: "ರೇಟ ಏರೇತೇನ್ರಿ?"

"ಸಾಂಗ್ಲಿ ಕಡೆ ಬಾಳ ಏರೇತಂತ, ನಮ್ಮ ಮಾವ ಹೇಳ್ಯಾನ" ಅಂದ ಇನ್ನೊಬ್ಬ. ಇಬ್ಬರು ಆಗಲೇ ಮನೆಗೆ ಕೀಲಿ ಹಾಕಲು ಓಡಿದರು. ಒಡೆದ ಚೀಲವನ್ನೂ ವಾಪಸು ತಗೊಳ್ಳದ ಸಾವ್ಕಾರ ಜೀಪು ತಗೊಂಡು ಓಡಿ ಬಂದಾನೆ ಅಂದರೆ ಮತ್ತೇನು ಅರ್ಥ?

ಡಾಕ್ಟರು ಕಣ್ಣಿಗೆ ಕಾಣದ ರೋಗಾಣುವಿನ ವಿಷಯ ವಿವರಿಸಿದ. ಏಳೆಮ್ಮೆಯ ಮುದುಕಿ ಪೂರ್ತಿ ಕೇಳಿ, ನನ್ನ ಕಡೆ ತಿರುಗಿದಳು. "ಕಾಣದ್ದನ್ನ ತೋರಸಾಕ ಇಂವನ್ನ ಎಷ್ಟು ಕೊಟ್ಟ ಕರಕೊಂಡ ಬಂದಿ?"

ಹೊತ್ತು ಇಳಿಯುತ್ತಿತ್ತು. ಮೂವತ್ತು ವರ್ಷದ ವ್ಯಾಪಾರ ನನಗೆ ಒಂದು ಕಲಿಸಿದೆ: ಗಿರಾಕಿಯ ಮನಸ್ಸಿನಲ್ಲಿ ಮೊದಲೇ ಏನಿದೆಯೋ ಅದನ್ನೇ ಮಾರಬೇಕು. ಟೊಪ್ಪಿಗೆ ತೆಗೆದೆ. ಗಂಟಲು ಸರಿಮಾಡಿಕೊಂಡೆ.

"ಮುಚ್ಚಿಡೂದಿಲ್ಲ. ಈ ಮಾಲಿನಾಗ ಚೀಲಕ್ಕ ಎರಡೆರಡ ಕಿಲೋ ತೂಕ ಕಡಿಮಿ ಐತಿ. ತಪ್ಪು ನಂದು."

ಡಾಕ್ಟರು ನನ್ನ ಅಂಗಿ ಜಗ್ಗಿದ. ಊರು ಮಾತ್ರ ಎದ್ದು ನಿಂತಿತು.

"ನಾ ಹೇಳಿರಲಿಲ್ಲೇನು!"

"ಎತ್ತುವಾಗನ ನನಗ ಹಗುರ ಹತ್ತಿತ್ತಲೇ!"

ಒಂದು ಚಹಾ ಕುಡಿಯುವಷ್ಟರಲ್ಲಿ ತಲೆಯ ಮೇಲೆ, ಸೈಕಲ್ಲಿನ ಮೇಲೆ ಚೀಲಗಳು ಬಂದವು. ಊರ ಹೊರಗೆ ಬೆಲ್ಲದ ಗಾಣದ ಬಯಲಿನಲ್ಲಿ ಒಟ್ಟಿದರು. ಎಣಿಸಿದರೆ ನಲವತ್ತೊಂದು. "ಇದು ನನ್ನ ಅಂಗಡೀದಲ್ಲೋ" ಅಂದೆ. "ಯಾರದಾದ್ರೇನ್ರಿ, ನೀವು ಒಪ್ಪೊಳ್ಳಾಕತ್ತೀರಿ, ತೂಗ್ರಿ" ಅಂದ ಅದರ ಒಡೆಯ.

ಚೀಲ ಗೊಂತು ಸೇರದೆ ಊರಿನಿಂದ ಹೊರಬಿದ್ದವು. ಆ ವರ್ಷ ಜುಗೂಳದ ಒಂದು ಎಮ್ಮೆಯೂ ಜೊಲ್ಲು ಸುರಿಸಲಿಲ್ಲ. ಡಾಕ್ಟರ ನಕಾಶೆಯಲ್ಲಿ ನದಿ ದಂಡೆಗೆ ಪಿನ್ನು ಬೀಳಲಿಲ್ಲ. ಬೇನೆಯ ಕಥೆ ಅಲ್ಲಿಗೆ ಮುಗಿಯಿತು. ನನ್ನ ಕಥೆ ಮಾತ್ರ ಗಾಣದ ತಕ್ಕಡಿಯಲ್ಲಿ ಇನ್ನೂ ಜೋತಾಡುತ್ತಿತ್ತು.

ಮೊದಲ ಚೀಲ ತೂಗಿದರು. ಬರೋಬ್ಬರಿ. ಎರಡನೆಯದು. ಬರೋಬ್ಬರಿ. ಹತ್ತಾಯಿತು, ಇಪ್ಪತ್ತಾಯಿತು. ಜನರ ಮುಖ ಇಳಿಯತೊಡಗಿತು. ತಕ್ಕಡಿಯೇ ಕೆಟ್ಟಿರಬೇಕು ಅಂತ ಒಬ್ಬ ತಾನೇ ಅದರ ತಟ್ಟೆಯಲ್ಲಿ ಕೂತು ನೋಡಿದ. ನಲವತ್ತೂ ಮುಗಿದವು. ಬೇರೆ ಅಂಗಡಿಯ ಆ ನಲವತ್ತೊಂದನೆಯದು ಮಾತ್ರ ಮೂರು ಕಿಲೋ ಕಡಿಮೆ ಬಂತು.

ಮುದುಕಿ ತಕ್ಕಡಿಯ ಕಲ್ಲು ನೋಡಿದಳು. ನನ್ನ ನೋಡಿದಳು. ಮತ್ತೆ ಕಲ್ಲು ನೋಡಿದಳು. ಅಷ್ಟು ಹೊತ್ತು ಯಾರೂ ನನ್ನನ್ನು ಹಾಗೆ ಪರೀಕ್ಷೆ ಮಾಡಿರಲಿಲ್ಲ. ಒಮ್ಮೆಲೇ ಅವಳ ಕಣ್ಣು ಅಗಲವಾದವು. ಚೀಲ ಮುಟ್ಟಿದ ಕೈ ಎರಡೂ ಮೈಯಿಂದ ದೂರ ಹಿಡಿದು ಕೂಗಿದಳು:

"ತೂಕ ಸರಿ ಐತಲೇ! ಚೀಲ ತರಸಾಕ ಸುಳ್ಳ ಹೇಳ್ಯಾನ, ಅಂದ್ರ ಬ್ಯಾನಿ ಮಾತ ಖರೇನ! ಏ, ಯಾರೂ ಗೊಂತಿಗೆ ಹೋಗಬ್ಯಾಡ್ರಿ, ಸೋಡಾ ಎಲ್ಲೈತಿ, ತರ್ರಿ ಲಗೂ!"