ದೊರೆಯ ಕುಂಬಳಕಾಯಿ ಪಥ್ಯ

ನಾಯಿಯ ಪಥ್ಯವೆಲ್ಲ ಇನ್ನು ತನ್ನ ಕೈಯಡುಗೆಯೇ ಎಂದು ಬಿಳಿಗೆರೆಯ ನಂಜುಂಡಪ್ಪ ಪಡಸಾಲೆಯಲ್ಲಿ ನಿಂತು ಘೋಷಿಸಿದಾಗ, ತಮ್ಮ ಮನೆಯ ಬೆಂಕಿಪೊಟ್ಟಣ ಎಲ್ಲಿರುತ್ತದೆಂಬುದೂ ಅವರಿಗೆ ಗೊತ್ತಿರಲಿಲ್ಲ.

ನಾಯಿಯ ಹೆಸರು ದೊರೆ. ಅವರ ತೆಂಗಿನತೋಟದ ಕೊಬ್ಬರಿ ಸುಲಿಯುವಲ್ಲಿ ಬಿದ್ದ ಚೂರುಗಳನ್ನೆಲ್ಲ ಕಪ್ಪಕಾಣಿಕೆಯೆಂದು ಸ್ವೀಕರಿಸಿ ಹೊಟ್ಟೆ ಕೆಡಿಸಿಕೊಂಡಿತ್ತು. ಸಿಹಿಗುಂಬಳವನ್ನು ಸಿಪ್ಪೆ, ಬೀಜ ತೆಗೆದು ಬೇಯಿಸಿ ಒಂದೆರಡು ಚಮಚ ಕೊಡಿ, ಉಪ್ಪು, ಖಾರ, ಈರುಳ್ಳಿ, ಒಗ್ಗರಣೆ ಏನೂ ಬೇಡ ಎಂದು ತುರುವೇಕೆರೆಯ ಪಶುವೈದ್ಯೆ ಪುಷ್ಪಲತಾ ಫೋನಿನಲ್ಲಿ ಹೇಳಿದ್ದರು. ಹೆಂಡತಿ ಚಿಕ್ಕಗೌರಮ್ಮ ತಾನೇ ಬೇಯಿಸುತ್ತೇನೆಂದು ಎದ್ದರು.

"ನಿನ್ ಕೈ ತಾನಾಗೇ ಒಗ್ಗರಣೆ ಕಡೆ ಹೋಯ್ತದೆ ಕಣೇ, ಬುಡು. ಪಥ್ಯ ಅಂದ್ರೆ ಶಿಸ್ತು."

ಶಿಸ್ತು ಶುರುವಾಯಿತು. ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು. ಎಳನೀರು ಕೆತ್ತುವ ಮಚ್ಚಿಗೆ ಕುಂಬಳಕಾಯಿ ಕೋಟೆಯಂತೆ ಶರಣಾಯಿತು. ಉಪ್ಪಿನ ಜಾಡಿ, ಸಾಸಿವೆ ಡಬ್ಬಿ ಅಟ್ಟಕ್ಕೆ ಗಡೀಪಾರಾದವು. ದೊರೆಯಂತೂ ಬಟ್ಟಲಿನ ತಳವನ್ನೂ ಬಿಡದೆ ನೆಕ್ಕಿತು.

ಸಂಜೆಯ ಹೊತ್ತಿಗೆ ಅದು ಭೇದಿ ಮಾಡುತ್ತ ಅಂಗಳ, ಜಗುಲಿಗಳನ್ನು ಗೆದ್ದು ಪಡಸಾಲೆಯನ್ನೂ ವಶಪಡಿಸಿಕೊಂಡಿತು. ಆಮೇಲೆ ಕಾಲು ಚಾಚಿ ಮಲಗಿ, ಕರೆದರೆ ಬಾಲವನ್ನೂ ಆಡಿಸಲಿಲ್ಲ. ನಂಜುಂಡಪ್ಪ ಅದನ್ನು ಮಡಿಲಿಗೆ ಹಾಕಿಕೊಂಡು, ಹೆಂಡತಿಯನ್ನೂ ಕರೆದುಕೊಂಡು, ಬಾಡಿಗೆ ಕಾರಿನಲ್ಲಿ ತುರುವೇಕೆರೆಗೆ ಓಡಿದರು. ದಾರಿಯಲ್ಲಿ ಅವರ ಇಸ್ತ್ರಿ ಪಂಚೆಯೂ ದೊರೆಯ ಸಾಮ್ರಾಜ್ಯಕ್ಕೆ ಸೇರಿತು.

ಕುಂಬಳಕಾಯಿಗೆ ಬೇರೇನಾದರೂ ಬೆರೆಸಿದಿರಾ ಎಂದು ಡಾಕ್ಟರ್ ಕೇಳಿದರು. ಮನೆದೇವರಾಣೆ ಏನೂ ಇಲ್ಲವೆಂದರು ನಂಜುಂಡಪ್ಪ. ಅದು ಸುಳ್ಳಲ್ಲ, ನಂಬಿಕೆ.

ಚಿಕ್ಕಗೌರಮ್ಮ ಮೆಲ್ಲಗೆ ಕೇಳಿದರು, "ತುರಿಯೋ ಮಣೆ ತೊಳೆಯೋಕೆ ಬಿದ್ದಿತ್ತಲ್ರೀ. ಕಾಯಿ ಹಾಕುದ್ರಾ?"

"ಹಾಕ್ದೆ. ಕಾಯಿ ಹಾಕೋದೂ ಒಂದು ಹಾಕೋದೇನೇ?"

"ಎಷ್ಟು ಹಾಕಿದ್ರಿ?" ಎಂದರು ಡಾಕ್ಟರ್.

"ಜಾಸ್ತಿ ಇಲ್ಲ ಕಣ್ರೀ ಮೇಡಂ. ಒಂದೇ ಕಾಯಿ."

ಡಾಕ್ಟರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಕೊಬ್ಬರಿಯ ಜಿಡ್ಡಿನಿಂದ ಕೆಟ್ಟ ಹೊಟ್ಟೆಗೆ ಔಷಧಿಯ ಹೆಸರಿನಲ್ಲಿ ಮತ್ತೆ ಅದೇ ಜಿಡ್ಡನ್ನು ಬಡಿಸಲಾಗಿತ್ತು. ಇಂಜೆಕ್ಷನ್, ಡ್ರಿಪ್ ಎಲ್ಲ ಆಗಿ ದೊರೆ ಕಣ್ಣು ಬಿಟ್ಟಿತು. ಅದು ಪೂರ್ತಿ ಚೇತರಿಸಿಕೊಳ್ಳುವವರೆಗೆ ಮನೆಯಲ್ಲಿ ಕಾಯಿತುರಿಯ ವಾಸನೆಯೂ ಅದರ ಮೂಗಿಗೆ ಬಡಿಯಬಾರದೆಂದು ಅಪ್ಪಣೆಯಾಯಿತು.

ಮನೆಗೆ ಬಂದೊಡನೆ ಅಧಿಕಾರ ಹಸ್ತಾಂತರವಾಯಿತು. ಚಿಕ್ಕಗೌರಮ್ಮ ತುರಿಯುವ ಮಣೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮರುದಿನ ಊಟಕ್ಕೆ ಬೆಂದ ಕುಂಬಳಕಾಯಿ ಎರಡು ಕಡೆ ಬಿತ್ತು: ದೊರೆಯ ಬಟ್ಟಲಿಗೆ, ತೆಂಗಿನತೋಟದ ಯಜಮಾನರ ತಟ್ಟೆಗೆ.

ನಂಜುಂಡಪ್ಪ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

"ಉಪ್ಪನ್ನಾದ್ರೂ ಹಾಕೇ."

"ಡಾಕ್ಟ್ರುಗೆ ಫೋನ್ ಮಾಡಿ ಕೇಳಿ."