ಚೆಂಡುಹೂವಿನ ಫ್ಯಾಕ್ಟರಿಯಲ್ಲಿ ನನ್ನ ಪಿಎಚ್.ಡಿ.

ಒಂದು ಕಟ್ಟು ಪ್ರಶ್ನಾವಳಿ ಬಗಲಿಗಿಟ್ಟುಕೊಂಡು ನಮ್ಮ ಜಿಲ್ಲೆಯಲ್ಲಿ ಒಂದು ತಿಂಗಳು ಓಡಾಡಿ ನೋಡಿ. ಈಗ ಹೇಳಹೊರಟಂಥ ಫಜೀತಿ ವಾರಕ್ಕೊಂದಾದರೂ ಆಗದಿದ್ದರೆ ನನ್ನನ್ನು ಕೇಳಿ.

ನಾನು ಚಾಮರಾಜನಗರದ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಪ್ರತಿ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಫೋನ್ ನೋಡುತ್ತಾ ಕೂರುವವಳು. ಪಿಎಚ್.ಡಿ. ಆದರೆ ಕಾಯಂ ಕೆಲಸದ ಸಾಲಿನಲ್ಲಾದರೂ ನಿಲ್ಲಬಹುದೆಂದು ಆರು ವರ್ಷದ ಹಿಂದೆ ಹೆಸರು ನೋಂದಾಯಿಸಿದೆ. ವಿಷಯ, ಕಾರ್ಪೊರೇಟ್ ಎಂಟರ್‌ಪ್ರೆನರ್‌ಶಿಪ್. ಸಂಬಳಕ್ಕೆ ದುಡಿಯುವವರು ಸ್ವಂತ ಕಂಪನಿ ಕಟ್ಟದೆ, ಇರುವ ಕಂಪನಿಯೊಳಗೇ ತಮ್ಮ ಬುದ್ಧಿ ಓಡಿಸಿ ಹೊಸ ದಾರಿ ಹುಡುಕುತ್ತಾರಲ್ಲ, ಅದು. ಇದನ್ನು ನಾಲ್ಕು ಪುಸ್ತಕ ನೋಡಿ ಬರೆಯುವಂತಿಲ್ಲ. ಜನರನ್ನು ಕೇಳಿ, ಉತ್ತರಗಳನ್ನು ಅಂಕಿ ಮಾಡಿ ತೋರಿಸಬೇಕು.

ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ವಿಸ್ತರಣೆ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಒಂದೇ ಕಂಪನಿಯ ನೂರಿಪ್ಪತ್ತು ಜನ ತುಂಬಿದ ಫಾರಂ ನನ್ನ ಗೈಡ್ ಮೇಷ್ಟರ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ನೋಂದಣಿ ರದ್ದು, ಆರು ವರ್ಷ ನೀರುಪಾಲು. ಆಗಸ್ಟ್ ಮುಗಿಯುವ ಹೊತ್ತಿಗೆ ನನ್ನ ಹತ್ತಿರ ಒಂದೂ ಇರಲಿಲ್ಲ.

ಅವ್ವನ ಸಾರಾಂಶ

ಗುಂಡ್ಲುಪೇಟೆ ಕಡೆ ಚೆಂಡುಹೂವಿನಿಂದ ಬಣ್ಣ ತೆಗೆಯುವುದಕ್ಕೆ ಹೂವನ್ನು ಒಣಗಿಸಿ ಕಳಿಸುವ ಒಂದು ಫ್ಯಾಕ್ಟರಿ ಇದೆ. ನಮ್ಮೂರು ಹರದನಹಳ್ಳಿಯಲ್ಲಿ ಎದುರುಮನೆಯ ಅಣ್ಣ ಅಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾನೆ. ಮ್ಯಾನೇಜರಿಗೆ ಒಂದು ಮಾತು ಹೇಳಿಸುತ್ತೇನೆ ಎಂದು ಅವನೇ ಒಪ್ಪಿಕೊಂಡಿದ್ದ. ಎರಡು ದಿನ ಬಿಟ್ಟು ನೋಡಿದರೆ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದಾನೆ.

ವಿಚಾರಿಸಿದಾಗ ತಿಳಿಯಿತು. ಹಾಲಿನ ಡೈರಿ ಹತ್ತಿರ ಯಾರೋ, ನಿನ್ನ ಮಗಳು ಅದೇನು ಓದುತ್ತಾಳೆ ಎಂದು ಅವ್ವನನ್ನು ಕೇಳಿದ್ದಾರೆ. ಅವ್ವ, "ಕಂಪ್ನೀಲಿರೋರು ಕೊಟ್ಟಿರೋ ಕೆಲ್ಸ ಬುಟ್ಟು ಬ್ಯಾರೆ ಏನೇನ್ ಮಾಡ್ತಾರೆ ಅಂತ ಕಂಡಿಡೀತಾಳೆ ಕಣವ್ವ" ಎಂದಿದ್ದಾಳೆ. ಆರು ವರ್ಷದಲ್ಲಿ ನನ್ನ ವಿಷಯವನ್ನು ನಾನೇ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ನಾನು ಓಡಿಹೋಗಿ ಅಣ್ಣನಿಗೆ ವಿವರಿಸಲು ನೋಡಿದೆ. ಅವನು ಕೈ ಮುಗಿದು, "ನಂಗೆ ಇಬ್ರು ಮಕ್ಳವ್ರೆ ಕಣಮ್ಮಿ, ನನ್ನ ಬುಟ್ಬುಡು" ಅಂದ.

ಮನೆಗೆ ಬಂದು ಅವ್ವನ ಮೇಲೆ ರೇಗಿದೆ. ಅವಳು ಸೊಪ್ಪು ಬಿಡಿಸುತ್ತಾ, "ಅರ್ಥ ಆಗಂಗೆ ಯೋಳಿದ್ದು ನನ್ನ ತಪ್ಪು. ಅರ್ಥ ಆಗ್ದಂಗೆ ಯೋಳ್ಬೇಕು ಅಂದ್ರೆ ನೀನೇ ಓಗಿ ಯೋಳು" ಅಂದಳು.

ಪಾಸಾಗೋಕೆ ಎಷ್ಟು

ಕೊನೆಗೆ ನಾನೇ ಸ್ಕೂಟರ್ ಹತ್ತಿ ಫ್ಯಾಕ್ಟರಿಗೆ ಹೋದೆ. ಹೂವಿನ ಸುಗ್ಗಿ, ಗೇಟಿನ ಹೊರಗೆ ಟೆಂಪೋಗಳ ಸಾಲು, ಒಳಗೆ ಘಾಟು. ಮ್ಯಾನೇಜರ್ ಐವತ್ತು ದಾಟಿದ ಮನುಷ್ಯ, ಚಂದಕವಾಡಿ ಕಡೆಯವರು. ನನ್ನ ಪ್ರಶ್ನಾವಳಿಯನ್ನು ಎರಡು ಸಲ ಓದಿ ಬೆವರು ಒರೆಸಿಕೊಂಡರು.

"ಪಾಸಾಗೋಕೆ ಎಷ್ಟು ತಗೀಬೇಕು ಮೇಡಂ?"

"ಇದು ಪರೀಕ್ಷೆ ಅಲ್ಲ ಸರ್. ಸರಿ ಉತ್ತರ, ತಪ್ಪು ಉತ್ತರ ಅಂತ ಇಲ್ಲ. ಅನಿಸಿದ್ದಕ್ಕೆ ಒಂದರಿಂದ ಐದರವರೆಗೆ ಅಂಕಿ ಹಾಕೋದು, ಅಷ್ಟೇ. ಐದು ಅಂದರೆ ಪೂರ್ತಿ ಒಪ್ಪುತ್ತೇನೆ ಅಂತ."

"ತಪ್ಪೇ ಇಲ್ಲ ಅಂದ್ರೆ ನಲ್ವತ್ತು ಪ್ರಶ್ನೆ ಯಾಕೆ? ಮಾಲೀಕರು ಕಳಿಸಿದ್ರಾ ನಿಮ್ಮನ್ನ?"

ಮಾಲೀಕರು ಕೇರಳದವರು, ತಿಂಗಳಿಗೊಮ್ಮೆ ಹೇಳದೆ ಕೇಳದೆ ಬರುತ್ತಾರೆ. ಅವರ ಮುಖವನ್ನೂ ನೋಡಿಲ್ಲ ಎಂದು ಆಣೆ ಇಟ್ಟ ಮೇಲೆ ಮ್ಯಾನೇಜರ್ ಮೆತ್ತಗಾದರು. ಆದರೆ ಒಂದು ಷರತ್ತು ಹಾಕಿದರು. ತಮ್ಮ ಹೆಸರು ಎಲ್ಲೂ ಬರಕೂಡದು. ತಾವು ಫಾರಂ ತುಂಬುವುದೂ ಇಲ್ಲ. ಇದನ್ನು ಮೂರು ಸಲ ಹೇಳಿದರು, ನಾನು ಮೂರು ಸಲ ತಲೆಯಾಡಿಸಿದೆ.

ಮೊದಲ ಕಂತಿಗೆ ನಲವತ್ತು ಫಾರಂ ಕೊಟ್ಟು ಎದ್ದೆ. ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದರು, "ಆದ್ರೂ ಮೇಡಂ, ಮೂವತ್ತೈದು ಬಂದ್ರೆ ಸಾಕು ತಾನೇ?"

ಹೊಲಿಗೆ ಯಂತ್ರ

ನಾಲ್ಕೇ ದಿನಕ್ಕೆ ಫಾರಂ ಸಿದ್ಧವಾಗಿವೆ ಎಂದು ಫೋನ್ ಬಂತು. ಇಷ್ಟು ಬೇಗ ಆಗಿದ್ದಕ್ಕೇ ನನಗೆ ಅನುಮಾನ ಬರಬೇಕಿತ್ತು. ಖುಷಿಯಲ್ಲಿ ಬರಲಿಲ್ಲ.

ಕಟ್ಟು ದಪ್ಪವಾಗಿತ್ತು. ಬಿಚ್ಚಿ ನೋಡಿದರೆ ಪ್ರತಿ ಫಾರಂಗೂ ಆಧಾರ್ ಕಾರ್ಡಿನ ಜೆರಾಕ್ಸ್, ಮೇಲುಗಡೆ ಬಲಮೂಲೆಗೆ ಪಾಸ್‌ಪೋರ್ಟ್ ಸೈಜ್ ಫೋಟೋ. "ನಿಮ್ಮ ಹೆಸರು ಬರೆಯಬೇಡಿ" ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದ ಸಾಲಿನ ಪಕ್ಕದಲ್ಲೇ ಹೆಸರು, ತಂದೆಯ ಹೆಸರು, ಊರು, ಹೋಬಳಿ. ಗೋಪ್ಯತೆಯ ಬಗ್ಗೆ ನಾನು ಒಂದು ಇಡೀ ಅಧ್ಯಾಯ ಬರೆದಿದ್ದೆ.

ಒಂದೊಂದೇ ಕಿತ್ತು ವಾಪಸ್ ಕೊಡುತ್ತಾ ಕೂತೆ, ಉತ್ತರಗಳ ಕಡೆ ಕಣ್ಣೇ ಹೋಗಲಿಲ್ಲ. ನಮ್ಮ ಕಡೆ ಫಾರಂ ಹಿಡಿದು ಬಂದವರೆಲ್ಲ ಏನಾದರೂ ಕೊಡಲಿಕ್ಕೇ ಬಂದವರು ಎಂಬುದು ವಾಡಿಕೆ. ಯಾರೋ ಈ ಸಲ ಹೊಲಿಗೆ ಯಂತ್ರ ಎಂದು ಹಬ್ಬಿಸಿಬಿಟ್ಟಿದ್ದರು. ಹೂ ಹರಡುವ ಕೆಲಸದ ಹಿರಿಯ ಹೆಂಗಸು ತನ್ನ ಫೋಟೋ ವಾಪಸ್ ತೆಗೆದುಕೊಂಡು, ಬೇಜಾರಾಗಿ ನನ್ನನ್ನೇ ನೋಡಿದಳು. ಇದು ಓದಿಗಾಗಿ ಮಾಡುತ್ತಿರುವುದು, ಯಾರಿಗೂ ಏನೂ ಸಿಗುವುದಿಲ್ಲ ಎಂದು ಬಿಡಿಸಿ ಹೇಳಿದೆ.

"ನಿಂಗೂ ಸಿಕ್ಕಲ್ವಾ?"

"ಸಿಕ್ಕಿದರೆ ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕ್ಕೋಬಹುದು ಅಜ್ಜಿ."

ಅವಳು ಮೊಣಕಾಲು ಮುಂದೆ ಚಾಚಿದಳು. "ಹಂಗಂದ್ರೆ ಇದನ್ನಾರ ನೋಡ್ಬುಡು."

ಸ್ಮಶಾನದ ಸರ್ವೆ

ಗೈಡ್ ಮೇಷ್ಟರು ಫಾರಂಗಳನ್ನು ಕಂಪ್ಯೂಟರಿಗೆ ಹಾಕಿಸಿ ಕರೆದರು. ಒಬ್ಬರ ಉತ್ತರ ಇನ್ನೊಬ್ಬರದ್ದಕ್ಕಿಂತ ಎಷ್ಟು ಬೇರೆಯಾಗಿದೆ ಎಂದು ತೋರಿಸುವ ಒಂದು ಅಂಕಿ ಇರುತ್ತದೆ. ನನ್ನದರಲ್ಲಿ ಅದು ಸೊನ್ನೆ. ನಲವತ್ತು ಜನ, ನಲವತ್ತು ಪ್ರಶ್ನೆ, ಎಲ್ಲಕ್ಕೂ ಐದು. "ಹೊಸ ಯೋಚನೆ ಹೇಳಿದವರನ್ನು ನಮ್ಮಲ್ಲಿ ಮೆಚ್ಚುತ್ತಾರೆ" ಎಂಬುದಕ್ಕೂ ಐದು, "ಹೊಸ ಯೋಚನೆ ಹೇಳಿದವರನ್ನು ನಮ್ಮಲ್ಲಿ ಬೈಯುತ್ತಾರೆ" ಎಂಬುದಕ್ಕೂ ಐದು.

"ಮೂವತ್ತು ವರ್ಷದಲ್ಲಿ ನಾನು ಇದನ್ನ ನೋಡಿಲ್ಲಮ್ಮ," ಎಂದರು ಮೇಷ್ಟರು. "ಇದು ಸೊನ್ನೆ ಬರಬೇಕಾದರೆ ಸ್ಮಶಾನದಲ್ಲಿ ಸರ್ವೆ ಮಾಡಬೇಕು." ಆಮೇಲೆ ದನಿ ತಗ್ಗಿಸಿ, "ಇವನ್ನ ಬಿಸಾಕು. ಇನ್ನು ಹನ್ನೆರಡು ದಿನ ಇದೆ. ಈ ಸಲ ನಾನು ಪತ್ರ ಬರೆದರೂ ಯಾರೂ ಕೇಳಲ್ಲ" ಎಂದರು.

ಅಲ್ಲಿಂದ ಫ್ಯಾಕ್ಟರಿಗೆ ಹೇಗೆ ಹೋದೆನೋ ನನಗೆ ನೆನಪಿಲ್ಲ. ಮ್ಯಾನೇಜರ್ ಮಾತ್ರ ಮದುವೆಮನೆಯವರ ಹಾಗೆ ನಗುತ್ತಾ ಎದುರು ಬಂದರು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಎಲ್ಲರನ್ನೂ ಅಂಗಳದಲ್ಲಿ ಕೂರಿಸಿ, ಮೈಕಿನಲ್ಲಿ ಒಂದೊಂದು ಪ್ರಶ್ನೆಗೂ ಅವರೇ ಉತ್ತರ ಹೇಳಿ ಬರೆಸಿದ್ದರಂತೆ.

"ನಲ್ವತ್ತು ಜನಕ್ಕೂ ಫುಲ್ ಮಾರ್ಕ್ಸ್ ಮೇಡಂ. ಒಬ್ಬನೂ ಫೇಲಿಲ್ಲ. ಆರು ಇದ್ದಿದ್ರೆ ಆರೇ ಆಕಿಸ್ಬುಡ್ತಿದ್ದೆ."

ಹುಂಡಿ

ಯಾರೂ ಯಾರಿಗೂ ಹೇಳಿಕೊಡದ ಹಾಗೆ ಏನಾದರೂ ಮಾಡಬೇಕಿತ್ತು. ಒಂದು ರಟ್ಟಿನ ಪೆಟ್ಟಿಗೆಗೆ ಸುತ್ತಲೂ ಟೇಪು ಸುತ್ತಿ, ಮೇಲೆ ಸೀಳು ಬಿಟ್ಟು ತೆಗೆದುಕೊಂಡು ಹೋದೆ. ಈ ಸಲ ಇಡೀ ಫ್ಯಾಕ್ಟರಿಗೆ ಹೊಸ ಫಾರಂ ಹಂಚಿ, ಇದನ್ನು ಮನೆಗೆ ಒಯ್ಯಿರಿ, ಬೇಕಾದರೆ ಮಕ್ಕಳ ಕೈಲಿ ಬರೆಸಿ, ತಂದು ಇದಕ್ಕೆ ಹಾಕಿ, ನಿಮ್ಮ ಮ್ಯಾನೇಜರೂ ನೋಡುವುದಿಲ್ಲ ಎಂದು ಒಬ್ಬೊಬ್ಬರಿಗೂ ಹೇಳಿದೆ. ಜಾಗ ಸಾಲದೆ ಪೆಟ್ಟಿಗೆಯನ್ನು ಆಫೀಸಿನ ಗೋಡೆಯ ದೇವರ ಪಟದ ಕೆಳಗೆ ಇಟ್ಟೆವು. ಅದೇ ನಾನು ಮಾಡಿದ ತಪ್ಪು.

ವಾರ ಬಿಟ್ಟು ಹೋದಾಗ ಪೆಟ್ಟಿಗೆಗೆ ಮೂರು ಬೆರಳಿನ ವಿಭೂತಿ, ಅರಿಶಿನ ಕುಂಕುಮ, ಒಂದು ಮೊಳ ಚೆಂಡುಹೂವಿನ ಸರ. ಅಲ್ಲಾಡಿಸಿದರೆ ಒಳಗೆ ಚಿಲ್ಲರೆಯ ಸದ್ದು. ಶುಕ್ರವಾರ ಪೂಜೆ ಮಾಡಿದವರು ಇದಕ್ಕೂ ಮಾಡಿದ್ದಾರೆ. ಪೂಜೆ ಆದ ಮೇಲೆ ಜನ ಕಾಣಿಕೆ ಹಾಕಿದ್ದಾರೆ.

ಪೆಟ್ಟಿಗೆ ಎತ್ತಿಕೊಂಡು ತಿರುಗುವಷ್ಟರಲ್ಲಿ ಗೇಟಿನಲ್ಲಿ ಬಿಳಿ ಕಾರು ನಿಂತಿತು. ಬಿಳಿ ಪಂಚೆಯ ಮಾಲೀಕರು ಇಳಿದರು. ಮ್ಯಾನೇಜರ್ ಮುಖ ಸುಣ್ಣದ ಗೋಡೆಯಂತಾಯಿತು. ಇದೇನು ಎಂದು ಮಾಲೀಕರು ಕೇಳಿದರು. ಹೇಳಿದೆ.

"ಇದು ನಂದು ಕಂಪನಿ, ನಂದು ಆಳು," ಎಂದರು ಅವರು ಮಲಯಾಳ ಬೆರೆತ ಕನ್ನಡದಲ್ಲಿ. "ನಾನು ನೋಡಬೇಕು. ತೆಗೀರಿ."

ತೆಗೆದರೆ ನಂಬಿ ಬರೆದವರಿಗೆ ದ್ರೋಹ. ತೆಗೆಯದಿದ್ದರೆ ಇನ್ನು ಈ ಗೇಟು ನನಗೆ ತೆರೆಯುವುದಿಲ್ಲ, ಉಳಿದಿರುವುದು ನಾಲ್ಕೇ ದಿನ. ಮಾತು ಕೊಟ್ಟಿದ್ದೇನೆ, ತೆಗೆಯುವುದಿಲ್ಲ ಎಂದೆ. ಪೆಟ್ಟಿಗೆಯನ್ನು ಅವಚಿಕೊಂಡೆ. ಮಾಲೀಕರು ತಾವೇ ಕೈ ಚಾಚಿದರು.

ಆಗ ಮೊಣಕಾಲು ನೋವಿನ ಅಜ್ಜಿ ಕೆಲಸ ಬಿಟ್ಟು ಎದ್ದು ಬಂದು ಅಡ್ಡ ನಿಂತಳು. "ಬುದ್ಧೀ, ಅದ್ರಲ್ಲಿ ನನ್ ಅರಕೆ ಚೀಟಿ ಅದೆ. ಮೊಮ್ಮಗಳ ಕೈಲಿ ಬರ್ಸಾಕಿವ್ನಿ. ದ್ಯಾವ್ರಿಗಿಂತ ಮುಂಚೆ ನೀವು ಓದ್ಬುಟ್ರೆ ನಡ್ಯಲ್ಲ." ಹಿಂದಿನಿಂದ ಇನ್ನೂ ನಾಲ್ಕು ಜನ, "ನಂದೂ ಅದೆ, ನಂದೂ ಅದೆ" ಎಂದರು.

ಮಾಲೀಕರು ಪೆಟ್ಟಿಗೆಯನ್ನೊಮ್ಮೆ, ಪಟವನ್ನೊಮ್ಮೆ ನೋಡಿದರು. ಚಪ್ಪಲಿ ಬಿಟ್ಟರು. ಜೇಬಿನಿಂದ ಐವತ್ತರ ನೋಟು ತೆಗೆದು ಸೀಳಿಗೆ ತೂರಿಸಿ, ಕೈ ಮುಗಿದು, ನನಗೆ ದಾರಿ ಬಿಟ್ಟರು.

ನೂರಿಪ್ಪತ್ತನೆಯದು

ಪೆಟ್ಟಿಗೆಯನ್ನು ಮೇಷ್ಟರ ಮುಂದೆಯೇ ಒಡೆದೆ. ಚಿಲ್ಲರೆ ಮತ್ತು ಹರಕೆ ಚೀಟಿಗಳನ್ನು ಬೇರೆ ತೆಗೆದಿಟ್ಟೆ. ಮಡಿಸದ ಒಂದು ಚೀಟಿ ಮಾತ್ರ ಕಣ್ಣಿಗೆ ಬಿತ್ತು. "ಮೊಣಕಾಲು ವಾಸಿಯಾಗಲಿ, ಈ ಹುಡುಗಿ ಓದು ಮುಗಿಯಲಿ" ಎಂದಿತ್ತು. ಅದನ್ನು ಮಡಿಸಿ ಉಳಿದ ಚೀಟಿಗಳ ಜೊತೆ ಸೇರಿಸಿದೆ.

ಉತ್ತರಗಳು ಈ ಸಲ ಒಂದರಂತೆ ಒಂದಿರಲಿಲ್ಲ. ಮೇಷ್ಟರು ಮೊದಲ ಸಲ ನಕ್ಕರು. ಆದರೆ ಎರಡು ಸಲ ಎಣಿಸಿದರೂ ನೂರಹತ್ತೊಂಬತ್ತು. ಒಂದು ಕಡಿಮೆ. ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಬಡಿದೆ. ತಳದ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ, ಗೋಂದು ಬಳಿದು ಅಂಟಿಸಿದ ಲಕೋಟೆಯೊಂದು ಬಿತ್ತು. ಒಳಗೆ ಭರ್ತಿಯಾದ ಫಾರಂ, ಜೊತೆಗೆ ಎರಡು ಹಾಳೆ ತುಂಬ ಬರಹ.

"ಹೂವಿನ ಸುಗ್ಗಿ ಮುಗಿದರೆ ನಮ್ಮ ಡ್ರೈಯರ್ ಸುಮ್ಮನೆ ನಿಂತಿರುತ್ತದೆ. ಎರಡು ವರ್ಷದ ಹಿಂದೆ ಅಕಾಲದ ಮಳೆಗೆ ಸುತ್ತಲಿನ ರೈತರ ಅರಿಶಿನ ನೆನೆದಾಗ ಮಾಲೀಕರಿಗೆ ಹೇಳದೆ ಒಣಗಿಸಿಕೊಟ್ಟೆ. ಅಂದಿನಿಂದ ಕೊಡುತ್ತಲೇ ಇದ್ದೇನೆ. ಅವರು ಬದಲಿಗೆ ಬಾಯ್ಲರಿಗೆ ಸೌದೆ ಕೊಡುತ್ತಾರೆ. ಸೌದೆ ಉಳಿಸಿದ್ದಕ್ಕೆ ಮಾಲೀಕರು ನನಗೆ ಶಾಲು ಹೊದಿಸಿದರು. ಇದು ನೀವು ಹೇಳುವ ಕಾರ್ಪೊರೇಟ್ ಎಂಟರ್‌ಪ್ರೆನರ್‌ಶಿಪ್ಪೋ, ಇಲ್ಲಾ ಕೆಲಸ ಹೋಗುವ ತಪ್ಪೋ ತಿಳಿಸಬೇಕು. ನಾನು ಯಾರೆಂದು ಯಾರಿಗೂ ಗೊತ್ತಾಗಬಾರದು."

ಆರು ವರ್ಷ ಪುಸ್ತಕದಲ್ಲಿ ಹುಡುಕಿದ್ದು ನನ್ನ ಕೈಯಲ್ಲಿತ್ತು. ಹಾಳೆ ತಿರುಗಿಸಿದೆ. ಹಿಂದೆ ಪಿನ್ ಹೊಡೆದ ಆಧಾರ್ ಜೆರಾಕ್ಸ್, ಅದರ ಮೇಲೆ ಮ್ಯಾನೇಜರ್ ಫೋಟೋ.

ಫಾರಂಗಳನ್ನು ಒಪ್ಪಿಸಿದ ಮರುದಿನ ಜೆರಾಕ್ಸನ್ನೂ ಫೋಟೋವನ್ನೂ ವಾಪಸ್ ಕೊಡಲು ಹೋದೆ. ಹರಕೆ ಚೀಟಿ, ಕಾಣಿಕೆಯನ್ನು ಗೋಪಾಲಸ್ವಾಮಿ ಬೆಟ್ಟದ ಹುಂಡಿಗೆ ಹಾಕಿಬರುವುದಾಗಿ ಅಜ್ಜಿ ಇಸಿದುಕೊಂಡಳು. ಮ್ಯಾನೇಜರನ್ನು ಪಕ್ಕಕ್ಕೆ ಕರೆದು, ನೀವು ಮಾಡಿದ್ದೇ ನನ್ನ ವಿಷಯ, ಪ್ರಬಂಧದಲ್ಲಿ ಹೆಸರಾಗಲಿ ಊರಾಗಲಿ ಬರುವುದಿಲ್ಲ, ಧೈರ್ಯವಾಗಿರಿ ಎಂದೆ.

ಅವರ ಮುಖ ಇನ್ನಷ್ಟು ಇಳಿಯಿತು. ಅತ್ತಿತ್ತ ನೋಡಿ, ಜೆರಾಕ್ಸನ್ನು ಮತ್ತೆ ನನ್ನ ಕೈಗೆ ತುರುಕಿದರು.

"ಹೆಸ್ರೇ ಇಲ್ದಿದ್ರೆ ಹೊಲಿಗೆ ಯಂತ್ರ ಯಾರ ಹೆಸ್ರಿಗೆ ಬತ್ತದೆ ಮೇಡಂ? ನಮ್ಮನೆಯವ್ಳು ಅದ್ಕೆ ಜಾಗ ಮಾಡ್ಕಂಡು ಕೂತವ್ಳೆ."