ಹೊಜುಮಿ ಹಿಡಿದ ಜಾಗ

ವಸಂತದಲ್ಲಿ ಚೆರ್ರಿ ಹೂ ನೋಡುವ ಕೂಟಕ್ಕೆ ಮರದಡಿ ಜಾಗ ಹಿಡಿಯುವುದು ಪ್ರಯೋಗಾಲಯದ ತಾತ್ಕಾಲಿಕ ನೌಕರನ ಕೆಲಸ. ಖಾಯಂ ಆದವರು ಸಂಜೆ ಬಂದು ಕೂತರೆ ಸಾಕು. ಹೊಜುಮಿ ಆರು ವರ್ಷದಿಂದ ಹಿಡಿಯುತ್ತಲೇ ಇದ್ದ.

"ಇವತ್ತು ಸಂಸ್ಥೆ ನಿರ್ದೇಶಕರು ಬರ್ತಾರೆ. ನಿನ್ನ ಖಾಯಂ ಮಾಡೋ ಮಾತು ಎತ್ತುತೀನಿ. ಜಾಗ ಮಾತ್ರ ಕೈಬಿಡಬೇಡ" ಎಂದಿದ್ದರು ಪ್ರಯೋಗಾಲಯದ ಮುಖ್ಯಸ್ಥರಾದ ಮಿನೊವಾ ಸೆನ್ಸೈ.

ಬೆಳಿಗ್ಗೆ ಆರಕ್ಕೇ ಕಾಲುವೆ ದಂಡೆಯ ದೊಡ್ಡ ಸಕುರಾ ಚೆರ್ರಿ ಮರದಡಿ ನೀಲಿ ತಾಡಪಾಲು ಹಾಸಿ ಕೂತ. ಎಸಳುಗಳು ಒಂದೊಂದೇ, ಆತುರವಿಲ್ಲದೆ ಇಳಿಯುತ್ತಿದ್ದವು. ಪಕ್ಕದ ಪುಟ್ಟ ಚಾಪೆಯಲ್ಲಿ ತೊಕಿಎ ಅಜ್ಜಿ. ಹಿರಿಯರ ಚೆಂಡಾಟ ಸಂಘದ ಅಧ್ಯಕ್ಷೆ.

"ಲ್ಯಾಬಲ್ಲಿ ಅದೇನ್ ನೋಡ್ತೀಯಪ್ಪಾ?"

"ಜೀವಕೋಶ ಎರಡಾಗೋವಾಗ ಕ್ರೋಮೋಸೋಮನ್ನ ಒಂದೇ ಜಾಗದಲ್ಲಿ ಹಿಡಿದು ಎಳೀಬೇಕು ಅಜ್ಜಿ. ಆ ಜಾಗಕ್ಕೆ ಸೆಂಟ್ರೋಮಿಯರ್ ಅಂತಾರೆ. ಇಲ್ಲೇ ಅಂತ ಎಲ್ಲೂ ಬರೆದಿರಲ್ಲ. ಒಂದು ಜಾತಿ ಪ್ರೋಟೀನುಗಳು ಕೂತಿರ್ತಾವಲ್ಲ, ಅವೇ ಗುರುತು."

"ಎರಡಾದ್ಮೇಲೆ?"

"ಕೂತೋರಲ್ಲಿ ಅರ್ಧ ಅತ್ಲಾಗೆ, ಅರ್ಧ ಇತ್ಲಾಗೆ. ಆಮೇಲೆ ಹೊಸಬರು ಬಂದು ಹಳಬರ ಪಕ್ಕ ಕೂತ್ಕೋತಾರೆ. ಜಾಗ ಜರುಗಲ್ಲ."

"ಹಂಗಾದ್ರೆ ನಂಗೂ ಅರ್ಧ ಬಿಡು. ನಮ್ಮೋರು ಬರೋದು ನಾಲ್ಕೇ ಜನ."

ಪಾಠ ಹೇಳಿದ ಬಾಯಲ್ಲೇ ಇಲ್ಲ ಎನ್ನುವುದು ಹೇಗೆ? ಅಜ್ಜಿ ತಾಡಪಾಲಿಗೆ ಬಂದಳು. ಅನ್ನದ ಉಂಡೆ ಕೊಟ್ಟಳು, ಬೆಚ್ಚಗಿನ ಅಕ್ಕಿ ಮದ್ಯ ಸಾಕೆಯನ್ನು ಬಗ್ಗಿಸಿದಳು. ಹೊಜುಮಿಯ ಕಣ್ಣು ಎಳೆಯತೊಡಗಿತು.

ಕನಸಿನಲ್ಲಿ ಅವನೇ ಪ್ರೋಟೀನು. ಉದ್ದದ ಎಳೆಯೊಂದರ ಮೇಲೆ ಕೂತಿದ್ದಾನೆ, ಸುತ್ತ ಗುಲಾಬಿ ಮಂಜು, ಎಳೆ ಜೋಕಾಲಿಯಂತೆ ತೂಗುತ್ತಿದೆ. ಯಾರೋ ಬಂದು "ಇಲ್ಲಿ ಕೂರಬಹುದಾ?" ಎನ್ನುತ್ತಾರೆ. "ಬನ್ನಿ, ಪಕ್ಕದಲ್ಲೇ ಕೂತ್ಕೊಳ್ಳಿ" ಎನ್ನುತ್ತಾನೆ. ಮತ್ತೊಬ್ಬರು, ಮಗದೊಬ್ಬರು. ಅಷ್ಟು ಸುಖ ಅವನು ಎಚ್ಚರದಲ್ಲಿ ಕಂಡಿರಲಿಲ್ಲ.

ಎದ್ದಾಗ ಸಂಜೆ ನಾಲ್ಕು ಗಂಟೆ. ತಾಡಪಾಲಿನ ನೀಲಿ ಒಂದು ಗೇಣೂ ಕಾಣದಂತೆ ಮೂವತ್ತೊಂದು ಮುದುಕ ಮುದುಕಿಯರು ಕೂತಿದ್ದರು. ಅವನ ತಲೆಗೂ ಸಂಘದ ಟೋಪಿ ಹಾಕಿದ್ದರು.

"ಅಜ್ಜಿ, ನಾಲ್ಕೇ ಜನ ಅಂದ್ರಿ."

"ನಾಲ್ಕೇ ಜನ ಬಂದಿದ್ದು. ಮಿಕ್ಕೋರನ್ನ ನೀನೇ ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಕರೆದೆ. ನಿದ್ದೇಲೂ ಎಷ್ಟು ಮರ್ಯಾದೆ ನಿಂದು."

ಬೇರೆ ಮರ ಹುಡುಕೋಣವೆಂದರೆ ಎಲ್ಲದರಡಿಯೂ ಜನ. ಅಷ್ಟರಲ್ಲಿ ಸೆನ್ಸೈ, ನಿರ್ದೇಶಕರು, ಲ್ಯಾಬಿನವರು ಬಂದೇಬಿಟ್ಟರು. ಹೊಜುಮಿ ನಡು ಮುರಿಯುವಷ್ಟು ಬಾಗಿದ. ಕೆಲಸ ಹೋಯಿತು ಎಂದುಕೊಂಡ.

ಆದರೆ ಮುದುಕರೊಬ್ಬರು ನಿರ್ದೇಶಕರ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು, ಬೇಯಿಸಿದ ಕಳಲೆ ಮುಂದಿಟ್ಟರು. ಅವರ ಪಕ್ಕ ಸೆನ್ಸೈ, ಸೆನ್ಸೈ ಪಕ್ಕ ಲ್ಯಾಬಿನವರು ಒತ್ತಿಕೊಂಡು ಕೂತರು. ಹಾಡು ಶುರುವಾಯಿತು. ನಿರ್ದೇಶಕರು ಅಜ್ಜಿಯ ಜೊತೆ ಕುಣಿದರು.

"ಇಪ್ಪತ್ತು ವರ್ಷದಲ್ಲಿ ಇಂಥ ಕೂಟ ಕಂಡಿಲ್ಲ. ಜಾಗ ಹಿಡಿದೋರು ಯಾರು?" ಎಂದರು ನಿರ್ದೇಶಕರು.

"ನಮ್ಮ ಹೊಜುಮಿ. ಅವನನ್ನ ಖಾಯಂ ಮಾಡೋ ವಿಷಯ..." ಎಂದರು ಸೆನ್ಸೈ.

ನಿರ್ದೇಶಕರು ಕಳಲೆಯ ಇನ್ನೊಂದು ತುಂಡು ಬಾಯಿಗಿಟ್ಟರು. "ಮಾಡಬಹುದು. ಆದರೆ ಖಾಯಂ ಆದೋರನ್ನ ಜಾಗ ಹಿಡಿಯೋಕೆ ಕಳಿಸೋ ಹಾಗಿಲ್ಲವಲ್ಲ."

ಸೆನ್ಸೈ ತಲೆ ತಗ್ಗಿಸಿದರು. ಮುಂದಿನ ವರ್ಷ ಇಂಥ ಕೂಟವಿಲ್ಲವೆಂದು ಮೂವತ್ತೊಂದು ಮುಖಗಳು ಬಾಡಿದವು.

"ಇನ್ನೊಂದು ವರ್ಷ ಹೀಗೇ ಇರ್ಲಿ ಬಿಡಿ," ಎಂದಳು ತೊಕಿಎ ಅಜ್ಜಿ ಅಕ್ಕರೆಯಿಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಜುಮಿ ಟೋಪಿ ತೆಗೆದು, ಬಾಗಿ, ವಂದನೆ ಹೇಳಿದ.